ಎರಡರಿಂದ ಮೂರನೇ ಗೇರಿಗೆ

ಧಾರವಾಡದ ಸ್ಟೇಶನ್ನಿಗೆ ಮುಂಬೈ ಗಾಡಿ ಆ ಗುರುವಾರ ಮಧ್ಯಾಹ್ನ ಇಪ್ಪತ್ತು ನಿಮಿಷ ತಡವಾಗಿ ಬಂತು. ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದರಲ್ಲಿ ನಾಲ್ಕು ದಿನದ ಬಟ್ಟೆ, ಅಕ್ಕನಿಗೆಂದು ಹೆಂಡತಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದರಲ್ಲಿ ಸ್ಪ್ಯಾನರುಗಳ ಸೆಟ್ಟು, ಟಾರ್ಚು ಮತ್ತು ದಪ್ಪನೆಯ ಪಠ್ಯಪುಸ್ತಕ. ನಾನು ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೇಷ್ಟ್ರು. ದಸರಾ ರಜೆಯಲ್ಲಿ ಮುಂಬೈಗೆ ಹೊರಟಿದ್ದು ಅಕ್ಕನ ಕಾರಿನ ಗೇರ್‌ಬಾಕ್ಸು ನೋಡಲಿಕ್ಕೆ.

ಸುಶೀಲಕ್ಕ ಮದುವೆಯಾಗಿ ಘಾಟ್ಕೋಪರ್ ಸೇರಿ ಮೂವತ್ತೈದು ವರ್ಷವಾಯಿತು. ಹದಿನೈದು ವರ್ಷದ ಹಿಂದೆ ಲೋಕಲ್ ರೈಲು ಹತ್ತುವಾಗ ಜಾರಿ ಬಿದ್ದು ಅವಳ ಎಡಗಾಲಿನ ಹರಡು ಪುಡಿಯಾಯಿತು. ಕಾಲು ಉಳಿಯಿತು, ಪಾದ ಮಡಚುವುದು ನಿಂತಿತು. ಸ್ಟೇಶನ್ನಿನ ಮೆಟ್ಟಿಲು ಅವಳಿಗೆ ಅಂದಿನಿಂದ ಬೆಟ್ಟ. ಐವತ್ತನೆಯ ವಯಸ್ಸಿನಲ್ಲಿ, ಮನೆಯವರೆಲ್ಲ ಬೇಡವೆಂದರೂ, ಅವಳು ಕಾರು ಕಲಿತಳು. ಆಟೊಮ್ಯಾಟಿಕ್ ಕಾರು, ಗೇರನ್ನು ಅದೇ ಬದಲಿಸಿಕೊಳ್ಳುತ್ತದೆ, ಕ್ಲಚ್ ತುಳಿಯುವ ಕೆಲಸವಿಲ್ಲ, ಎಡಗಾಲು ಬೇಕಾಗಿಲ್ಲ. ಏಳು ವರ್ಷದಿಂದ ಪ್ರತಿ ರವಿವಾರ ಬೆಳಿಗ್ಗೆ ಆ ಬಿಳಿ ಕಾರು ಓಡಿಸಿಕೊಂಡು ಗೋರೆಗಾಂವ್‌ಗೆ ಹೋಗಿ, ಅಲ್ಲಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲಿ ನಮ್ಮ ಕಡೆಯ ಮನೆಗಳ ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸುತ್ತಿದ್ದಳು.

ಆಗಸ್ಟ್‌ನಲ್ಲಿ ಅವಳ ಫೋನು ಬಂದಿತ್ತು. "ವಿರೂ, ಗಾಡಿ ಜರ್ಕ್ ಹೊಡ್ಯಾಕತ್ತೈತಿ. ಎರಡನೇ ಗೇರ್‌ನಿಂದ ಮೂರನೇದಕ್ಕ ಹೋಗುಮುಂದ ಹಿಂದಿನಿಂದ ಯಾರೋ ಗುದ್ದಿದಂಗ ಆಕ್ಕೈತಿ." ನಾನು ಗ್ಯಾರೇಜಿಗೆ ತೋರಿಸಲು ಹೇಳಿ ಸುಮ್ಮನಾಗಿದ್ದೆ. ಮೊನ್ನೆ ನಾನೇ ಫೋನು ಮಾಡಿದಾಗ ಅವಳು, "ಗೇರ್‌ಬಾಕ್ಸ್ ಪೂರಾ ಹೋಗೈತಿ ಅಂದ್ರಂತ. ಮಾರಾಕತ್ತೀವಿ. ರವಿವಾರ ಸಂಜೀಕ ತಗೊಳ್ಳಾವ ಬರ್ತಾನ," ಎಂದಳು. ಆಮೇಲೆ ನನ್ನ ಮಕ್ಕಳ ಪರೀಕ್ಷೆಯ ಬಗ್ಗೆ ಕೇಳಿದಳು. ಆ ದನಿ ನನಗೆ ಗೊತ್ತಿರುವ ಅಕ್ಕನ ದನಿಯಾಗಿರಲಿಲ್ಲ. ಅವತ್ತೇ ಟಿಕೆಟ್ ತೆಗೆಸಿದೆ.

ಠಾಣೆಯಲ್ಲೇ ಇಳಿ ಎಂದು ಅಕ್ಕ ಹೇಳಿದ್ದಳು. ನಾನು ನಿದ್ದೆಯಲ್ಲೇ ಠಾಣೆ ಸ್ಟೇಶನ್ ದಾಟಿ ಬೆಳಗಿನ ದಾದರಿನಲ್ಲಿ ಕಣ್ಣುಬಿಟ್ಟೆ. ಅಲ್ಲಿಂದ ಐದು ರೂಪಾಯಿಯ ಟಿಕೆಟ್ಟಿನಲ್ಲಿ ಸ್ಲೋ ಲೋಕಲ್ ಹಿಡಿದು ಬಂದ ದಾರಿಯಲ್ಲೇ ವಾಪಸು ಘಾಟ್ಕೋಪರ್‌ಗೆ ಬಂದೆ. ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಶುರುವಾಗಿತ್ತು. ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟಿತ್ತು.

ಬಿಲ್ಡಿಂಗಿನ ಕೆಳಗೆ ಕಾರು ನಿಂತಿತ್ತು. ಗಾಜಿನ ಮೇಲೆ ಮೂರು ವಾರದ ಧೂಳು. ಮೇಲೆ ಮನೆಯಲ್ಲಿ ಅಕ್ಕ ಬಾಗಿಲು ತೆಗೆದಳು. ಕೈಯಲ್ಲಿ ಹಿಟ್ಟು, ಮುಖದಲ್ಲಿ ನಗು. ಅಡಿಗೆಮನೆಗೆ ಹೋಗುವ ದಾರಿಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಅದರಲ್ಲಿ ಕಾರಿನಿಂದ ತೆಗೆದ ಸಾಮಾನು: ಛತ್ರಿ, ನೀರಿನ ಬಾಟಲಿ, ಸೀಮೆಸುಣ್ಣದ ಪೊಟ್ಟಣ, ಮಕ್ಕಳ ನಾಲ್ಕಾರು ಕಾಪಿ ಪುಸ್ತಕ. ನಾನು ಅದನ್ನು ನೋಡಿದ್ದನ್ನು ಅವಳು ನೋಡಿ, "ಚಾ ತಗೋ ಮೊದ್ಲ," ಎಂದಳು.

ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಎನ್ನುತ್ತೇವೆ. ಮಾವ ವಿಜಯಪುರದವರು, ಮಸಾಲೆ ಸಾಮಾನಿನ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟಿದ್ದಾರೆ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ನಾಷ್ಟಾಕ್ಕೆ ಕುಳಿತಾಗ ನಾನು ಅವರನ್ನೇ ವಿಚಾರಿಸಿದೆ: ಗ್ಯಾರೇಜಿನವರು ಏನೆಂದರು, ಕಂಪ್ಯೂಟರ್ ಹಚ್ಚಿ ನೋಡಿದರೋ, ದೋಷದ ಕೋಡ್ ಏನು ಬಂತು. ಮಾವ ಒಂದು ಕಾಗದ ತಂದು ತೋರಿಸಿದರು. ಗೇರ್‌ಬಾಕ್ಸಿನ ಎಣ್ಣೆಯ ಒತ್ತಡ ಹತೋಟಿ ಮಾಡುವ ವಾಲ್ವಿನಲ್ಲಿ ದೋಷ ಎಂದಿತ್ತು. ಕೆಳಗೆ ಕೈಬರಹದಲ್ಲಿ, ಇಡೀ ಗೇರ್‌ಬಾಕ್ಸು ಬದಲಿಸಬೇಕು ಎಂದು ಬರೆದಿತ್ತು.

"ನೋಡ್ ವಿರೂಪಾಕ್ಷ, ರೊಕ್ಕದ ಮಾತಲ್ಲ," ಎಂದರು ಮಾವ. "ಗಾಡಿ ಹಳೇದಾತು. ಈಗ ಮೊಬೈಲ್‌ನ್ಯಾಗ ಟ್ಯಾಕ್ಸಿ ಕರದ್ರ ಬಾಗಲಿಗೆ ಬರ್ತೈತಿ. ಯಾಕ ಬೇಕು ತ್ರಾಸ?"

ಅಕ್ಕ ಖಾಲಿ ತಾಟುಗಳನ್ನು ಎತ್ತಿಕೊಂಡಳು. ಅವಳ ಮಗಳು ಸ್ನೇಹಾ ಆಫೀಸಿಗೆ ಹೊರಡುತ್ತಿದ್ದವಳು ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದಕ್ಕೆ ತಡವರಿಸುತ್ತಾಳೆ. "ಮಾಮಾ, ಗಾಡಿ ಪಪ್ಪಾ ಥೋಡಿ ಚಲಾತೆ ಹೈ? ಮಮ್ಮಿ ಕೋ ಪೂಛೋ ನಾ. ಅವಳಿಗೆ... ಎಲ್ಲಾ ಗೊತ್ತೈತಿ," ಎಂದು, ಓಡಿಸದ ಪಪ್ಪನನ್ನಲ್ಲ, ಮಮ್ಮಿಯನ್ನು ಕೇಳಲು ಹೇಳಿ ಲಿಫ್ಟಿನತ್ತ ಓಡಿದಳು. ಆ ಮಾತನ್ನು ನಾನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಟಾರ್ಚು, ಸ್ಪ್ಯಾನರು ಹಿಡಿದು ಕೆಳಗಿಳಿದೆ. ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾದರೂ ಗೇರು ಹೊಡೆತದಿಂದ ಬೀಳುತ್ತದೆ. ಅದನ್ನು ಮೊದಲು ನೋಡಬೇಕು ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಎಣ್ಣೆ ಅಳೆಯುವ ಕಡ್ಡಿಗಾಗಿ ಬಾನೆಟ್ ಎತ್ತಿ ಅರ್ಧ ತಾಸು ಹುಡುಕಿದೆ. ವಾಚ್‌ಮನ್ ಬಂದು ನೋಡಿದ, ಎರಡನೇ ಮಹಡಿಯ ಅಜ್ಜಿ ಬಾಲ್ಕನಿಯಿಂದ ನೋಡಿದರು. ಕೊನೆಗೆ ಪುಸ್ತಕ ಬಿಟ್ಟು ಫೋನಿನಲ್ಲಿ ನೋಡಿದರೆ, ಈ ಕಾರಿಗೆ ಕಡ್ಡಿಯೇ ಇಲ್ಲ. ಗಾಡಿಯನ್ನು ಮೇಲೆತ್ತಿ, ತಳದ ಬೋಲ್ಟು ಬಿಚ್ಚಿ, ಎಣ್ಣೆ ಇಂತಿಷ್ಟೇ ಬಿಸಿ ಇರುವಾಗ ಅಳೆಯಬೇಕು. ಕರಿಹಲಗೆಯ ಮೇಲೆ ಗೇರ್‌ಬಾಕ್ಸಿನ ಚಿತ್ರ ಕಣ್ಣುಮುಚ್ಚಿ ಬರೆಯಬಲ್ಲ ನಾನು ಬಾನೆಟ್ ಮುಚ್ಚಿ ಕೈ ಒರೆಸಿಕೊಂಡೆ.

ಸಂಜೆ ಬೇಸರದಿಂದ ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲಿಗೆ ಹೋದೆ. ಕಾಫಿ ಕುಡಿದು ಗಲ್ಲಾಪೆಟ್ಟಿಗೆಯ ಬಳಿ ಹಣ ಕೊಡುವಾಗ ಮಾಲಕರೊಡನೆ ಕನ್ನಡದಲ್ಲಿ ಮಾತಾಯಿತು. ಬಂದ ಕಾರಣ ಹೇಳಿದೆ. "ನಮ್ಮದೂ ಆಟೊಮ್ಯಾಟಿಕ್ಕೇ," ಎಂದರು ಅವರು. "ಜೋಗೇಶ್ವರಿಯಲ್ಲಿ ಸದಾನಂದ ಅಂತ ಉಂಟು, ನಮ್ಮ ಊರಿನ ಬದಿಯವನು. ಗೇರ್‌ಬಾಕ್ಸ್ ಮಾತ್ರ ಮಾಡುದು, ಬೇರೆ ಕೆಲಸ ಮುಟ್ಟುದಿಲ್ಲ. ಹೋಗಿ ನೋಡಿ. ಆಗುದಿಲ್ಲ ಅಂದ್ರೆ ಆಗುದಿಲ್ಲ ಅಂತ್ಲೇ ಹೇಳ್ತಾನೆ." ಕೈ ಒರೆಸುವ ಕಾಗದದ ಮೇಲೆ ವಿಳಾಸ ಬರೆದುಕೊಟ್ಟರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅಕ್ಕನನ್ನು ಓಡಿಸಲು ಕರೆದರೆ ಕೀಲಿಯನ್ನು ನನ್ನ ಅಂಗೈಗೆ ಹಾಕಿ ಎಡಗಡೆ ಕುಳಿತಳು. ನಾನು ಆಟೊಮ್ಯಾಟಿಕ್ ಓಡಿಸಿದ್ದು ಅದೇ ಮೊದಲು. ಗೇಟಿನಲ್ಲಿ ನಿಧಾನ ಮಾಡಬೇಕೆಂದಾಗ ನನ್ನ ಎಡಗಾಲು ಅಭ್ಯಾಸದಿಂದ ಕ್ಲಚ್ಚೆಂದು ತಿಳಿದು ಬ್ರೇಕನ್ನೇ ಜೋರಾಗಿ ತುಳಿಯಿತು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ವಾಚ್‌ಮನ್ ಗೇಟು ಬಿಟ್ಟು ಹಿಂದೆ ಸರಿದ.

"ಎಡಗಾಲು ಹಿಂದಕ್ಕ ಇಡು," ಎಂದಳು ಅಕ್ಕ. "ಮಡಚಿ ಸೀಟಿನ ಬುಡಕ್ಕ ಇಡು. ಇಲ್ಲಾಂತ ತಿಳ್ಕೋ. ಹಾಂ, ಹಂಗ. ಈಗ ನನ್ನಂಗ ಕುಂತಿ."

ಅವಳು ನಕ್ಕಳು. ನಾನು ಬಂದ ಮೇಲೆ ಅವಳು ಮನಸ್ಸು ಬಿಚ್ಚಿ ನಕ್ಕಿದ್ದು ಆಗಲೇ.

ಎಲ್‌ಬಿಎಸ್ ರಸ್ತೆಯಲ್ಲಿ ಕಾರು ಸುಮ್ಮನೆ ನಡೆಯಿತು. ಒಂದು, ಎರಡು, ಮೂರು, ಗೇರುಗಳು ಬಿದ್ದದ್ದೇ ಗೊತ್ತಾಗಲಿಲ್ಲ. ರೋಗಿ ಡಾಕ್ಟರ ಮುಂದೆ ನೆಟ್ಟಗಾದ ಹಾಗೆ ಅನಿಸಿತು. ಲಿಂಕ್ ರೋಡಿಗೆ ತಿರುಗಿ, ಮೇಲೆ ಮೆಟ್ರೊ ಕಂಬಗಳ ಸಾಲು, ಬಲಕ್ಕೆ ಪವಾಯಿ ಕೆರೆ ಕಾಣುವಾಗ ಶುರುವಾಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಧಡ್ ಎಂದು ಒಂದು ಏಟು. ಮುಂದಿನ ಸಿಗ್ನಲ್ ದಾಟಿದ ಮೇಲೆ ಇನ್ನೊಂದು, ಮೊದಲಿನದಕ್ಕಿಂತ ಜೋರು. ಮೂರನೆಯದಕ್ಕೆ ಸ್ಟೇರಿಂಗಿನ ಮುಂದಿನ ಪಟ್ಟಿಯಲ್ಲಿ ಹಳದಿ ದೀಪ ಹತ್ತಿ, ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಎಷ್ಟು ಒತ್ತಿದರೂ ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ಹಿಂದಿನಿಂದ ಟೆಂಪೊ, ಬಸ್ಸು ಎಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು.

"ಬಾಜೂಕ ತಗೋ. ಅವರು ಒದರ್ಲಿ. ಈಗ ಬಂದ್ ಮಾಡು. ಹತ್ತು ಎಣಿಸಿ ಚಾಲೂ ಮಾಡು," ಎಂದಳು ಅಕ್ಕ. ಹಾಗೆಯೇ ಮಾಡಿದೆ. ದೀಪ ಆರಿತು, ಕಾರು ನಡೆಯಿತು. ಮುಂದೆ ರಸ್ತೆ ಅಗೆದು ಮುಚ್ಚಿದ ಜಾಗದಲ್ಲಿ ಚಕ್ರ ಗುಂಡಿಗೆ ಬಿದ್ದೆದ್ದಿತು. ಆಮೇಲೆ ಜೋಗೇಶ್ವರಿಯವರೆಗೆ ಒಂದೂ ಏಟಿಲ್ಲ. ಅಕ್ಕನ ಮನೆಯಿಂದ ಅಲ್ಲಿಗೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಒಂದೂಕಾಲು ತಾಸು ಹಿಡಿಯಿತು.

ಸದಾನಂದರ ಗ್ಯಾರೇಜು ಸಣ್ಣ ಕಾರ್ಖಾನೆಗಳ ಒಂದು ಗಲ್ಲಿಯಲ್ಲಿತ್ತು. ಒಂದು ಕಡೆ ಪ್ಲಾಸ್ಟಿಕ್ ಮುಚ್ಚಳ ಮಾಡುವವರು, ಇನ್ನೊಂದು ಕಡೆ ಕಬ್ಬಿಣದ ಗ್ರಿಲ್ ಬೆಸೆಯುವವರು; ನಡುವೆ ಇವರದು, ಎರಡು ಕಾರು ಹಿಡಿಯುವಷ್ಟು ಜಾಗ. ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ನೆಲ ನಮ್ಮ ಅಡಿಗೆಮನೆಯ ಹಾಗೆ ಒರೆಸಿಟ್ಟಿತ್ತು. ಗೇರ್‌ಬಾಕ್ಸಿನೊಳಗೆ ಒಂದು ಕಣ ಮಣ್ಣು ಹೋದರೂ ಕೆಟ್ಟಿತು ಎಂದು ಆಮೇಲೆ ಹೇಳಿದರು.

ನಾನು ನನ್ನ ಪರಿಚಯ ಹೇಳಿ, ವಾಲ್ವು, ಒತ್ತಡ, ಕೋಡು ಎಂದು ಶುರುಮಾಡಿದೆ. ಅವರು ಎರಡು ನಿಮಿಷ ಕೇಳಿ, "ಆಯ್ತು ಸರ್, ಅದು ಮತ್ತೆ ನೋಡುವ," ಎಂದರು. "ಈ ಗಾಡಿ ದಿವಸಾ ಓಡಿಸುದು ಯಾರು?"

"ನಾನು," ಎಂದಳು ಅಕ್ಕ.

ಅವರು ಒಂದು ಸ್ಟೂಲು ಒರೆಸಿ ಅವಳ ಮುಂದಿಟ್ಟರು. "ಕೂತ್ಕೊಳ್ಳಿ ಅಮ್ಮ. ಹೇಳಿ. ತಣ್ಣಗೆ ಇರುವಾಗ ಹೇಗೆ, ಬಿಸಿ ಆದ ಮೇಲೆ ಹೇಗೆ?"

ಅಕ್ಕ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಮೊದಲ ಹತ್ತು ಹದಿನೈದು ನಿಮಿಷ ಏನೂ ಆಗುವುದಿಲ್ಲ, ಎಂಜಿನ್ ಕಾದ ಮೇಲೆಯೇ ಶುರು. ಮೂರರಿಂದ ನಾಲ್ಕಕ್ಕೆ ಒಮ್ಮೊಮ್ಮೆ, ಎರಡರಿಂದ ಮೂರಕ್ಕೆ ಯಾವಾಗಲೂ. ಜುಲೈನಲ್ಲಿ ಕಂಪೌಂಡಿನಲ್ಲಿ ಅರ್ಧ ಚಕ್ರದವರೆಗೆ ನೀರು ನಿಂತಿತ್ತು; ಅದಕ್ಕೂ ಮೊದಲು ಒಂದು ದಿನವೂ ಹೀಗಾಗಿರಲಿಲ್ಲ. ನಿಂತಲ್ಲೇ ಗೇರು ಹಾಕಿದಾಗ ಕೆಳಗೆ ಟಕ್ ಎನ್ನುವುದು ಮಾತ್ರ ಬೇರೆ, ಅದು ಹೋದ ವರ್ಷದಿಂದ ಇದೆ. "ಇನ್ನೊಂದು ಐತ್ರಿ," ಎಂದಳು. "ಜರ್ಕ್ ಹೊಡೀತಿರುಮುಂದ ಒಂದು ದೊಡ್ಡ ಸ್ಪೀಡ್ ಬ್ರೇಕರ್ ಹಾರ್ಸಿದ್ನಿ ಅಂದ್ರ ಒಮ್ಮೊಮ್ಮಿ ತಾನಾ ಸರಿ ಆಕ್ಕೈತಿ. ಹೇಳಿದ್ರ ನಗ್ತಾರ ಅಂತ ಯಾರಿಗೂ ಹೇಳಿಲ್ಲ."

ಸದಾನಂದ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಇದನ್ನು ಆ ಗ್ಯಾರೇಜಿನವರಿಗೆ ಹೇಳಿದ್ರಾ?"

"ಅವರು ಕೇಳಲಿಲ್ರಿ. ನಮ್ಮ ಮನಿಯವರ ಜೋಡಿ ಮಾತಾಡಿದ್ರು."

"ನೀವು ಹೇಳಿದ್ದರಲ್ಲಿ ಅರ್ಧ ಕೆಲಸ ಮುಗೀತು," ಎಂದರು ಅವರು. "ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸವೆದಿದ್ರೆ, ಗುಂಡಿಗೆ ಬಿದ್ದು ಸರಿ ಆಗುದಿಲ್ಲ ಮಾರಾಯ್ರೆ. ಸವೆದದ್ದು ಸವೆದದ್ದೇ. ಅಲುಗಿದ್ರೆ ಸರಿ ಆಗುದು ಎಂತ? ವೈರು."

ನಾನು ಪುಸ್ತಕ ಇಣುಕುತ್ತಿದ್ದ ಸ್ಪ್ಯಾನರಿನ ಚೀಲವನ್ನು ಸ್ಟೂಲಿನ ಹಿಂದಕ್ಕೆ ಸರಿಸಿದೆ. ಎರಡು ದಿನದಿಂದ ಅಕ್ಕನ ಮನೆಯಲ್ಲಿ ಉಂಡು, ಅವಳ ಪಕ್ಕದಲ್ಲೇ ಕುಳಿತು ಬಂದು, ನಾನೂ ಅವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಪ್ರತಿ ಬ್ಯಾಚಿನ ಹುಡುಗರಿಗೆ ಮೊದಲ ದಿನ ನಾನು ಹೇಳುವ ಮಾತೇ ಅದು: ಗಾಡಿ ಮುಟ್ಟುವ ಮೊದಲು ಓಡಿಸುವವರನ್ನು ಕೇಳಿ.

ಆಮೇಲಿನ ಎರಡು ತಾಸು ನನಗೆ ಪಾಠವೇ ಆಯಿತು. ಸದಾನಂದ ಮೊದಲು ಬಾನೆಟ್ ಎತ್ತಿ, ಬ್ರೇಕು ತುಳಿದಿಡಲು ನನಗೆ ಹೇಳಿ, ಗೇರನ್ನು ಮುಂದಕ್ಕೂ ಹಿಂದಕ್ಕೂ ಹಾಕಿಸಿದರು. ಪ್ರತಿಸಲ ಎಂಜಿನ್ನು ಮೊಣಕೈ ಎತ್ತಿದ ಹಾಗೆ ಒಂದು ಬದಿಗೆ ಎದ್ದು ಬಿತ್ತು. ಎಂಜಿನ್ನನ್ನು ಹಿಡಿದಿಡುವ ರಬ್ಬರಿನ ಮೌಂಟಿಂಗ್ ಒಂದು ಕಡೆ ಸೀಳಿತ್ತು. ಟಕ್ ಎನ್ನುವ ಸದ್ದು ಅದರದ್ದು. ನಂತರ ಗಾಡಿ ಮೇಲೆತ್ತಿ, ತಳದ ಬೋಲ್ಟು ಬಿಚ್ಚಿ, ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬೀಳಿಸಿದರು. ಕಂದು ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿ ನನಗೂ ಕೊಟ್ಟರು. "ಹಳತಾಗಿದೆ, ಕರಕಲಾಗಲಿಲ್ಲ. ನೀರೂ ಹೋಗ್ಲಿಲ್ಲ. ಹೋಗಿದ್ರೆ ಹಾಲು ಹಾಕಿದ ಚಾದ ಹಾಗೆ ಆಗ್ತಿತ್ತು." ಎಣ್ಣೆ ಪೂರ್ತಿ ಇಳಿಸಿ, ತಟ್ಟೆಯ ಅಯಸ್ಕಾಂತಕ್ಕೆ ಅಂಟಿದ ಬೂದು ಗಸಿಯನ್ನು ಬೆರಳಿನಿಂದ ತೆಗೆದು ಅಕ್ಕನಿಗೆ ತೋರಿಸಿದರು. ಅದು ಕಾಡಿಗೆಯಷ್ಟು ನುಣ್ಣಗಿತ್ತು. "ಇಷ್ಟು ಇರ್ತದೆ ಅಮ್ಮ. ಇದರಲ್ಲಿ ಲೋಹದ ಚೂರು ಸಿಕ್ಕಿದ್ರೆ ನಾನೇ ಮಾರಿ ಅಂತಿದ್ದೆ."

ಕೊನೆಗೆ ಗೇರ್‌ಬಾಕ್ಸಿಗೆ ಕಂಪ್ಯೂಟರಿನಿಂದ ವೈರುಗಳು ಬಂದು ಸೇರುವ ಪ್ಲಗ್ಗು. ಅದನ್ನು ಬಿಚ್ಚಿ ಟಾರ್ಚಿನ ಬೆಳಕು ಹಿಡಿದರು. ಸಾಲು ಪಿನ್ನುಗಳಲ್ಲಿ ಎರಡು, ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದ ಹಾಗೆ, ಹಸಿರಾಗಿದ್ದವು. ಜುಲೈನ ನೀರು ಅಲ್ಲಿ ನುಗ್ಗಿತ್ತು. ಮೀಟರ್ ಹಚ್ಚಿ ವೈರನ್ನು ಮೆಲ್ಲಗೆ ಅಲುಗಿಸಿದರು. ಅಂಕಿ ಒಮ್ಮೆ ನಿಂತಿತು, ಒಮ್ಮೆ ಮಾಯವಾಯಿತು. ಒತ್ತಡ ಎಷ್ಟಿರಬೇಕೆಂಬ ಹುಕುಂ ಆ ಪಿನ್ನಿನ ಮೂಲಕವೇ ಹೋಗಬೇಕು. ಕಾದಾಗ ಅದರ ಹಿಡಿತ ಸಡಿಲುತ್ತಿತ್ತು, ಹುಕುಂ ನಡುವೆ ಕಡಿಯುತ್ತಿತ್ತು. ಆಗ ಗೇರ್‌ಬಾಕ್ಸು ಪೂರ್ತಿ ಒತ್ತಡ ಹಾಕಿ ಗೇರನ್ನು ಬಡಿದು ಕೂರಿಸುತ್ತಿತ್ತು. ಗುಂಡಿಗೆ ಬಿದ್ದಾಗ ಪಿನ್ನು ಮತ್ತೆ ಕೂಡುತ್ತಿತ್ತು. ಒಳಗಿನ ವಾಲ್ವಿಗೆ ಏನೂ ಆಗಿರಲಿಲ್ಲ.

ಹೊಸ ಪ್ಲಗ್ಗು ಅವರ ಹತ್ತಿರವೇ ಇತ್ತು. ಮೌಂಟಿಂಗ್ ಮಾತ್ರ ಕುರ್ಲಾದಿಂದ ತರಬೇಕು, ಅಲ್ಲಿ ರವಿವಾರ ಅಂಗಡಿ ಬಂದ್. ನಾನು ಹೊರಡಬೇಕೆಂದಿದ್ದೆ, ಅಷ್ಟರಲ್ಲಿ ಮಾವನ ಫೋನು ಬಂತು. ಅಕ್ಕ ಎಲ್ಲ ಹೇಳಿದಳು. ಮಾವ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಯಾವ ಸಾಮಾನು? ಬರದು ಕಳಸು. ಕುರ್ಲಾದಾಗ ನನಗ ಗೊತ್ತದಾರ," ಎಂದರು.

ಮೂರು ಗಂಟೆಗೆ ಮಾವ ಗಲ್ಲಿಯ ತುದಿಯಲ್ಲಿ ಕಾಣಿಸಿದರು. ಕುರ್ಲಾದಿಂದ ಘಾಟ್ಕೋಪರ್‌ಗೆ ಲೋಕಲ್, ಅಲ್ಲಿಂದ ಹೈವೇ ಸ್ಟೇಶನ್ನಿನವರೆಗೆ ಮೂವತ್ತು ರೂಪಾಯಿಯ ಮೆಟ್ರೊ, ಆಮೇಲೆ ರಿಕ್ಷಾ. ಬಿಳಿ ಅಂಗಿ ಪೂರ್ತಿ ಒದ್ದೆ. ಕಾಯಿಪಲ್ಯ ತರುವ ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಅದರಲ್ಲಿ ಎರಡು ಕಿಲೋ ತೂಕದ, ಕಬ್ಬಿಣ ಮತ್ತು ರಬ್ಬರಿನ ಮೌಂಟಿಂಗ್. ಸದಾನಂದ ಅದನ್ನು ತಿರುಗಿಸಿ ನೋಡಿ, "ಸರಿಯಾದ್ದೇ ತಂದಿದ್ದೀರಿ," ಎಂದಾಗ ಮಾವನ ಮುಖದಲ್ಲಿ ಕಂಡ ಹೆಮ್ಮೆ ಹತ್ತು ಗೋಣಿ ಜೀರಿಗೆ ಒಳ್ಳೆ ದರಕ್ಕೆ ಮಾರಿದಾಗಲೂ ಇರಲಿಕ್ಕಿಲ್ಲ.

ಗಲ್ಲಿಯ ಚಾದ ಅಂಗಡಿಯ ಮುಂದೆ ಅರ್ಧ ಗ್ಲಾಸಿನ ಕಟಿಂಗ್ ಚಾ ಕುಡಿಯುತ್ತ ಮಾವ ನನಗೊಬ್ಬನಿಗೇ ಹೇಳಿದರು. ಮೂರು ವಾರದ ಹಿಂದೆ ಫ್ಲೈಓವರ್ ಏರುವಾಗ ಕಾರು ಒಮ್ಮೆಲೇ ಮುಂದಕ್ಕೆ ನೆಗೆದಿತ್ತು. ಮುಂದಿನ ರಿಕ್ಷಾದಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಕೂಸು. ಒಂದು ಗೇಣು ಉಳಿದಿತ್ತು. "ನಿಮ್ಮ ಅಕ್ಕ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ್ಲು. ಆಮ್ಯಾಲೆ ಸ್ಟೇರಿಂಗ್ ಮ್ಯಾಲೆ ಕೈ ಇಟ್ಟು ಕುಂತ್ಲು ನೋಡು, ಹಿಂದಿನವರು ಎಷ್ಟು ಹಾರ್ನ್ ಹೊಡದ್ರೂ ಗಾಡಿ ಮುಂದ ಒಯ್ಯಲಿಲ್ಲ. ಮೂವತ್ತೈದು ವರ್ಷದಾಗ ಆಕಿ ಹಂಗ ಹೆದರಿದ್ದು ನಾ ನೋಡಿಲ್ಲ. ಲೋಕಲ್‌ನಿಂದ ಬಿದ್ದಾಗೂ ಹೆದರಿದ್ದಿಲ್ಲ. ಅದಕ್ಕ ಮಾರೂಣು ಅಂದೆ. ಮತ್ತೇನಲ್ಲ."

ಕಾರನ್ನು ಆ ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟೆವು. ರವಿವಾರ ಬೆಳಿಗ್ಗೆ ಅಕ್ಕ, ಮಾವ, ನಾನು ಮೆಟ್ರೊ ಹಿಡಿದು ಹೋದೆವು. ಮೆಟ್ರೊ ಸ್ಟೇಶನ್ನಿಗೆ ಲಿಫ್ಟ್ ಇದೆ. ಆದರೂ ಹೈವೇಯಲ್ಲಿ ಇಳಿದು ರಿಕ್ಷಾದವರೆಗೆ ನಡೆಯುವಷ್ಟರಲ್ಲಿ ಅಕ್ಕನ ಪಾದ ಊದಿತ್ತು. ಸದಾನಂದ ಎಲ್ಲ ಮುಗಿಸಿ ಕಾಯುತ್ತಿದ್ದರು. ಕಂಪನಿ ಹೇಳಿದ ದರ್ಜೆಯ ಹೊಸ ಎಣ್ಣೆ ತುಂಬಿ, ಎಂಜಿನ್ ನಡೆಯುತ್ತಿರುವಾಗಲೇ, ತಳದ ತೂತಿನಿಂದ ದಾರದಷ್ಟು ತೆಳ್ಳಗೆ ಹೆಚ್ಚಿನದು ಹರಿದು ನಿಲ್ಲುವವರೆಗೆ ಬಿಟ್ಟು ಬೋಲ್ಟು ಬಿಗಿದಿದ್ದರು. ಕಂಪ್ಯೂಟರ್ ಹಚ್ಚಿ ಗೇರ್‌ಬಾಕ್ಸಿನ ಹಳೆಯ ನೆನಪನ್ನು ನಮ್ಮ ಮುಂದೆಯೇ ಅಳಿಸಿದರು. ಎಷ್ಟು ಒತ್ತಡಕ್ಕೆ ಯಾವ ಗೇರು ಮೆತ್ತಗೆ ಕೂರುತ್ತದೆ ಎಂಬುದನ್ನು ಅದು ಓಡುತ್ತ ಓಡುತ್ತ ಕಲಿಯುತ್ತದೆ. ಕೆಟ್ಟ ಪ್ಲಗ್ಗಿನ ಕಾಲದಲ್ಲಿ ಕಲಿತದ್ದೆಲ್ಲ ತಪ್ಪು ಪಾಠ.

"ಈಗ ಮೊದಲಿಂದ ಕಲಿಸ್ಬೇಕು," ಎಂದರು. "ಮೊದಲಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೆಲ್ಲ ಓಡಿಸುದು. ಒತ್ತಿ ಬಿಡ್ಬಾರ್ದು, ಒಂದೇ ಹದದಲ್ಲಿ ಏರಿಸ್ಬೇಕು. ಅಮ್ಮ, ನೀವೇ ಓಡಿಸಿ. ನಾಳೆಯಿಂದ ಯಾರ ಕಾಲು ಅದರ ಮೇಲೆ ಇರ್ತದೋ ಅವರದ್ದೇ ಅದಕ್ಕೆ ಗೊತ್ತಾಗ್ಬೇಕು."

ಗೇರ್‌ಬಾಕ್ಸು ಮುಖ್ಯವಾಗಿ ಕಲಿಯುವುದು ತನ್ನ ಒಳಗಿನ ಕ್ಲಚ್ಚುಗಳನ್ನು, ಓಡಿಸುವವರ ಕಾಲನ್ನಲ್ಲ. ಮೇಷ್ಟ್ರಾದ ನನಗೆ ಅದು ಗೊತ್ತಿತ್ತು. ಸದಾನಂದರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಅಕ್ಕ ಹಿಂದಕ್ಕೆ ಸರಿದಳು. "ನನ್ನ ಕೈಲೆ ಆಗೂದಿಲ್ರಿ. ವಿರೂ ಓಡಸ್ಲಿ. ಕಲತ ಮ್ಯಾಲ ನಾ ತಗೋತೀನಿ."

"ಇವರು ಸಂಜೆ ಊರಿಗೆ ಹೋಗುವವರಲ್ವಾ?"

ಅಕ್ಕ ಮಾವನನ್ನು ನೋಡಿದಳು. ಇಡೀ ವಿಷಯ ಅಲ್ಲಿಗೆ ಬಂದು ನಿಂತಿತು ಎಂದು ನನಗನಿಸಿತು. ಮಾವ ಬೇಡವೆಂದಿದ್ದರೆ ಅವಳು ಕೂರುತ್ತಿರಲಿಲ್ಲ. ಮಾವ ಕಾರಿನತ್ತ ನಡೆದರು. ಹೋಗಿ ಮುಂದಿನ ಎಡಗಡೆಯ ಬಾಗಿಲು ತೆಗೆದು, ಕುಳಿತು, ಬೆಲ್ಟು ಹಾಕಿಕೊಂಡರು. ಅದನ್ನು ಹಾಕಲು ಅವರಿಗೆ ಮೂರು ಸಲ ಬೇಕಾಯಿತು. ಅಕ್ಕ ಸುತ್ತು ಹಾಕಿ ಬಂದು, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಸ್ಟೇರಿಂಗ್ ಮುಂದೆ ಕುಳಿತಳು. ನಾನೂ ಸದಾನಂದರೂ ಹಿಂದೆ.

ಗಲ್ಲಿಯಿಂದ ಹೊರಬಿದ್ದು ಲಿಂಕ್ ರೋಡಿಗೆ ಏರಿದೆವು. ರವಿವಾರವಾದ್ದರಿಂದ ರಸ್ತೆ ಸಡಿಲವಾಗಿತ್ತು. ಒಂದರಿಂದ ಎರಡಕ್ಕೆ ಸ್ವಲ್ಪ ತಳ್ಳಿದ ಹಾಗಾಯಿತು. ಎರಡರಿಂದ ಮೂರಕ್ಕೆ ಇನ್ನೂ ಒಂದು ಪೆಟ್ಟು. ಹಿಂದಿನಷ್ಟಲ್ಲ, ಆದರೆ ಪೆಟ್ಟೇ. ಅಕ್ಕನ ಭುಜಗಳು ಕಿವಿಯವರೆಗೆ ಏರಿದವು. ಅವಳ ಕಾಲು ಬ್ರೇಕಿಗೆ ಹೋಯಿತು.

"ನಿಲ್ಲಿಸ್ಬೇಡಿ ಅಮ್ಮ," ಎಂದರು ಸದಾನಂದ, ಹಿಂದಿನಿಂದ, ಊಟಕ್ಕೆ ಬಡಿಸುವಾಗಿನ ದನಿಯಲ್ಲಿ. "ಅದಕ್ಕೆ ಗೊತ್ತಿಲ್ಲ ಈಗ. ಹೊಸತು. ತಪ್ಪು ಮಾಡ್ಲಿಕ್ಕೆ ಬಿಡಿ. ಮತ್ತೊಮ್ಮೆ, ಹಾಗೇ ಮೆಲ್ಲ."

ಅಕ್ಕ ಉಸಿರು ಬಿಟ್ಟಳು. ಸಿಗ್ನಲ್‌ನಲ್ಲಿ ನಿಂತು ಮತ್ತೆ ಹೊರಟಳು. ಬಾಯಲ್ಲೇ ಎಣಿಸುತ್ತಿದ್ದಳು, ಒಂದು, ಎರಡು. ಈ ಸಲ ಪೆಟ್ಟು ಚಿಕ್ಕದಾಯಿತು. ಲಿಂಕ್ ರೋಡು ಬಿಟ್ಟು ಆರೆ ಕಾಡಿನ ಒಳರಸ್ತೆ ಹಿಡಿದೆವು. ಎರಡೂ ಕಡೆ ಮರಗಳು, ಮಳೆಯ ಹಸಿರು ಇನ್ನೂ ಮಾಸಿರಲಿಲ್ಲ, ಕಿಟಕಿ ಇಳಿಸಿದರೆ ಹಸಿಹುಲ್ಲಿನ ವಾಸನೆ. ಸೈಕಲ್ ಹೊಡೆಯುವವರು, ನಡೆಯುವವರು. ಒಂದು ಉಬ್ಬಿನ ನಂತರ ಕಾರು ನಿಧಾನಕ್ಕೆ ಎದ್ದಿತು. ನಾನು ಎರಡರಿಂದ ಮೂರಕ್ಕೆ ಹೋಗುವುದನ್ನು ಕಾಯುತ್ತಿದ್ದೆ. ಕಾಯುತ್ತಲೇ ಇದ್ದೆ. ಸದಾನಂದ ಮೀಟರಿನತ್ತ ಬೆರಳು ತೋರಿಸಿದರು. ಗೇರು ಆಗಲೇ ನಾಲ್ಕರಲ್ಲಿತ್ತು.

"ಬಿತ್ತೇನು?" ಎಂದಳು ಅಕ್ಕ.

"ಯಾವಾಗೋ ಬಿತ್ತು," ಎಂದೆ ನಾನು.

 ಕನ್ನಡಿಯಲ್ಲಿ ಅವಳ ಕಣ್ಣು ಕಂಡವು, ತುಂಬಿದ್ದವು. ಅವಳು ಅವನ್ನು ಒರೆಸಿಕೊಳ್ಳಲೂ ಇಲ್ಲ. ಎರಡೂ ಕೈ ಸ್ಟೇರಿಂಗ್ ಮೇಲಿದ್ದವು.

ಒಂದರಿಂದ ಎರಡಕ್ಕೆ ಹೋಗುವಾಗಿನ ಸಣ್ಣ ತಳ್ಳಾಟ ಕೊನೆಯವರೆಗೂ ಹೋಗಲಿಲ್ಲ. ಅಲ್ಲಿ ಕೊಂಚ ಸವೆದಿದೆ, ವಯಸ್ಸಾದದ್ದು, ಇರಲಿ ಬಿಡಿ, ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎಂದು ಸದಾನಂದ ಹೇಳಿ, ಗೋರೆಗಾಂವ್ ಹೈವೇಯಲ್ಲಿ ಇಳಿದು ರಿಕ್ಷಾ ಹಿಡಿದರು. ಇಳಿಯುವಾಗ ನನ್ನ ಕೈ ಹಿಡಿದು, "ಸರ್, ನಿಮ್ಮ ಪುಸ್ತಕ ಒಂದು ಸಲ ನೋಡ್ಲಿಕ್ಕೆ ಕೊಡಿ ಮಾರಾಯ್ರೆ. ನಾನು ಓದಿ ಕಲಿತವನಲ್ಲ," ಎಂದರು. ಸ್ಪ್ಯಾನರಿನ ಚೀಲದಲ್ಲೇ ಹೊತ್ತು ತಿರುಗುತ್ತಿದ್ದ ಆ ದಪ್ಪ ಪುಸ್ತಕವನ್ನು ಅಲ್ಲೇ ಅವರಿಗೆ ಕೊಟ್ಟುಬಿಟ್ಟೆ.

ಅಕ್ಕ ನೇರ ಸೊಸೈಟಿಯ ಹಾಲ್‌ಗೆ ಹೋದಳು. ಮುಂದೇನು ಎಂದು ಯಾರೂ ಕೇಳಿರಲಿಲ್ಲ. ಮೂರು ರವಿವಾರ ತಪ್ಪಿದ್ದರಿಂದ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಕಾರು ನೋಡಿ ಒಬ್ಬ ಬ್ಯಾಟು ಹಿಡಿದೇ ಓಡಿಬಂದ. "ಟೀಚರ್, ಆಪ್ ಆಯೇ! ನೀವು... ಯಾಕ ಬರ್ಲಿಲ್ಲ?" ಹನ್ನೊಂದು ಮಕ್ಕಳು ಕೂಡಿದರು. ಪುಸ್ತಕ, ಸೀಮೆಸುಣ್ಣ ಎಲ್ಲ ಮನೆಯಲ್ಲೇ ಉಳಿದಿದ್ದವು. ಅಕ್ಕ ಅವರನ್ನು ಸುತ್ತ ಕೂರಿಸಿಕೊಂಡು, ಬೆಳಿಗ್ಗೆಯಿಂದ ತಾವು ಏನೇನು ನೋಡಿದೆವೆಂದು ಕನ್ನಡದಲ್ಲಿ ಹೇಳಲು ಹಚ್ಚಿದಳು. ಒಬ್ಬಳು ಪುಟ್ಟಿ ತನ್ನ ಮನೆಯ ಬೆಕ್ಕು ಫ್ರಿಜ್ಜಿನ ಮೇಲೆ ಹತ್ತಿದ್ದನ್ನು ಹೇಳಲು ಐದು ನಿಮಿಷ ತೆಗೆದುಕೊಂಡಳು. ಹತ್ತುವುದಕ್ಕೆ ಕನ್ನಡ ಸಿಕ್ಕಿತು, ಇಳಿಯುವುದಕ್ಕೆ ಮಾತು ಹುಡುಕಿ ಹುಡುಕಿ ಕೊನೆಗೆ ಎದ್ದು ಹಾರಿ ತೋರಿಸಿದಳು.

ಹೊರಗೆ ವರಾಂಡದಲ್ಲಿ ಮಾವನ ಫೋನು ರಿಂಗಾಯಿತು. ಕಾರು ಕೊಳ್ಳುವವನು; ಇನ್ನು ಮಾರುವುದಿಲ್ಲ, ಬರಬೇಡ ಎಂದು ಮಾವ ಅವನಿಗೆ ಹಿಂದಿಯಲ್ಲಿ ಹೇಳಿದರು. "ನಹೀ ಭಾಯಿ," ಎಂದರು ಮಾವ, "ಗಾಡಿ ಅಬ್ ನಹೀ ದೇಂಗೆ. ಮತ್ ಆನಾ." ಆ ಕಡೆಯವ ದರ ಏರಿಸಿದನೆಂದು ಕಾಣುತ್ತದೆ. ಮಾವ ಕೇಳಿಸಿಕೊಂಡು, "ಅರೇ, ಜಿಸ್ಕಾ ಗಾಡಿ ಹೈ ವೋ ಚಲಾ ರಹೀ ಹೈ," ಎಂದು, ಗಾಡಿ ಯಾರದೋ ಅವಳೇ ಓಡಿಸುತ್ತಿದ್ದಾಳೆಂದು ತಿಳಿಸಿ ಫೋನು ಇಟ್ಟರು. ನನ್ನತ್ತ ತಿರುಗಿ, "ಇಲ್ಲಿ ವಡಾಪಾವ್ ಚೊಲೊ ಸಿಗ್ತೈತಿ, ಬಾ," ಎಂದರು.

ಸಂಜೆ ಐದೂವರೆಗೆ ಅಕ್ಕ ನನ್ನನ್ನು ಚೆಂಬೂರಿಗೆ ಬಿಟ್ಟಳು. ಧಾರವಾಡದ ಬಸ್ಸುಗಳು ಅಲ್ಲಿಂದ ಹತ್ತಿಸಿಕೊಳ್ಳುತ್ತವೆ. ದಾರಿಯಲ್ಲಿ ನಾನು ಅವಳನ್ನು ಕೇಳಿದೆ: ಕಾರು ಇಲ್ಲದಿದ್ದರೂ ಕ್ಲಾಸಿಗೆ ರಿಕ್ಷಾದಲ್ಲಿ ಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ?  ಅವಳು ಒಂದು ಬೆಸ್ಟ್ ಸಿಟಿ ಬಸ್ಸನ್ನು ದಾಟಿ ಮುಂದೆ ಬಂದ ಮೇಲೆ ಹೇಳಿದಳು. "ಹೋಗಬಹುದಿತ್ತು. ಒಬ್ರು ಒಯ್ದು ಬಿಟ್ರ ಹೋಗೂದು ಬ್ಯಾರೆ, ನಾನಾ ಹೋಗೂದು ಬ್ಯಾರೆ. ಕಾಲು ಮುರದಾಗಿಂದ ಎಂಟು ವರ್ಷ ಎಲ್ಲೆ ಹೋಗೂದಿದ್ರೂ ಯಾರನ್ನರ ಕೇಳಬೇಕಿತ್ತು. ಮತ್ತ ಕೇಳೂದು ಬ್ಯಾಡ ಅನಸ್ತು. ಅದಕ್ಕ ಹೋಗೂದಾ ಬಿಟ್ನಿ."

ಬಸ್ಸು ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಲು ಬಿಡುವುದಿಲ್ಲ. ಟ್ರಾಫಿಕ್ ಪೊಲೀಸ್ ದೂರದಿಂದಲೇ ಸೀಟಿ ಊದಿದ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಉಳಿಯಿತು. "ಲಗೂ ಇಳೀ, ದಂಡದ ಚಲನ್ ಹರೀತಾನ," ಎಂದಳು ಅಕ್ಕ. ಮಾವ ಕಿಟಕಿಯಿಂದ ನನ್ನ ಚೀಲ ಕೊಟ್ಟರು. ನಾನು ಬಾಗಿಲು ಹಾಕುವಷ್ಟರಲ್ಲಿ ಅವಳು ಇಂಡಿಕೇಟರ್ ಹಾಕಿ ಸಾಲಿಗೆ ಸೇರಿದ್ದಳು.

ಬಸ್ಸಿಗೆ ಅರ್ಧ ತಾಸಾದರೂ ಕಾಯಬೇಕು ಎಂದುಕೊಂಡಿದ್ದೆ, ಐದೇ ನಿಮಿಷಕ್ಕೆ ಬಂದುಬಿಟ್ಟಿತು. ಎಡಗಡೆಯ ಕಿಟಕಿಯ ಸೀಟು ಸಿಕ್ಕಿತು. ಮುಂದಿನ ಸಿಗ್ನಲ್‌ನಲ್ಲಿ ನಿಂತಾಗ ಕೆಳಗೆ ನೋಡಿದರೆ ಅದೇ ಬಿಳಿ ಕಾರು, ಮನೆಗೆ ಮರಳುವ ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಮ್ಮ ಪಕ್ಕದಲ್ಲೇ ನಿಂತಿತ್ತು. ಕಿಟಕಿ ಬಡಿದು ಕರೆಯೋಣವೆಂದು ಕೈ ಎತ್ತಿದೆ. ಮಾವ ಏನೋ ಹೇಳುತ್ತಿದ್ದರು, ಅಕ್ಕ ಅವರ ಮಾತಿಗೆ ತಲೆಯಾಡಿಸುತ್ತ ಎದುರಿನ ದೀಪವನ್ನೇ ನೋಡುತ್ತಿದ್ದಳು. ಎತ್ತಿದ ಕೈಯನ್ನು ಹಾಗೆಯೇ ಇಳಿಸಿದೆ. ದೀಪ ಹಸಿರಾಯಿತು. ನಮ್ಮ ಡ್ರೈವರ್ ಗೇರು ಹಾಕುವುದರೊಳಗೆ ಅಕ್ಕ ಹೊರಟೇಬಿಟ್ಟಿದ್ದಳು.